ಶುಲ್ಕ ವಾಪಸಿನ ಖಾತರಿ: ಹೊಗಳಿಕೆಗೆ ತಕ್ಕ ತಿರುಳಿಲ್ಲ

ಕಟ್ಟಡದ ಅನುಮತಿ ಕೇಳಿದ ಅರ್ಜಿಯನ್ನು ತೀರ್ಮಾನಿಸಲು ತಡಮಾಡಿದ ಕೌನ್ಸಿಲ್, ಅಂದರೆ ಸ್ಥಳೀಯ ಸಂಸ್ಥೆ, ಅರ್ಜಿದಾರನ ಶುಲ್ಕವನ್ನು ಪೂರ್ತಿ ಮರಳಿಸಬೇಕು. ಇಂಗ್ಲೆಂಡಿನ ‘ಪ್ಲಾನಿಂಗ್ ಗ್ಯಾರಂಟಿ’ ಕೇಳಿದವರಿಗೆಲ್ಲ ಹಿಡಿಸುವುದು ಈ ಒಂದು ಮಾತಿನಿಂದ. 2013ರ ಅಕ್ಟೋಬರ್ 1ರಂದು ಜಾರಿಗೆ ಬಂದಾಗ ಗಡುವು 26 ವಾರವಿತ್ತು. 2023ರ ಡಿಸೆಂಬರ್ 6ರಿಂದ ದೊಡ್ಡ ಯೋಜನೆಗಳಿಗೆ ಅಷ್ಟೇ ಉಳಿದು, ಮನೆ ವಿಸ್ತರಣೆಯಂಥ ಸಣ್ಣ ಅರ್ಜಿಗಳಿಗೆ 16 ವಾರಕ್ಕೆ ಇಳಿಯಿತು. ನಾಗರಿಕನ ಕೈಗೆ ಸಿಕ್ಕ ಅಸ್ತ್ರವೆಂದು ಇದನ್ನು ಕೊಂಡಾಡುತ್ತಾರೆ. ನನ್ನ ಮಟ್ಟಿಗೆ ಇದು ಆ ಹೊಗಳಿಕೆಗೆ ಯೋಗ್ಯವಲ್ಲ.

ಕಾರಣ ನಿಯಮದ ಒಂದು ವಿನಾಯಿತಿಯಲ್ಲಿದೆ. ತೀರ್ಮಾನದ ಅವಧಿಯನ್ನು ವಿಸ್ತರಿಸಲು ಅರ್ಜಿದಾರ ಲಿಖಿತವಾಗಿ ಒಪ್ಪಿದ್ದರೆ ಶುಲ್ಕ ಮರುಪಾವತಿ ಇಲ್ಲ. ಇಬ್ಬರು ಸರಿಸಮರು ಮಾತಾಡಿ ಮಾಡಿಕೊಂಡ ಒಪ್ಪಂದದಂತೆ ಓದಿಸಿಕೊಳ್ಳುತ್ತದೆ. ಅದು ನಡೆಯುವ ಬಗೆಯನ್ನು ನೋಡಿ. ಮನೆಯ ಹಿಂಬದಿಗೆ ಒಂದು ಕೋಣೆ ಸೇರಿಸಲು ಅರ್ಜಿ ಹಾಕಿದವನಿಗೆ ಎಂಟು ವಾರದಲ್ಲಿ ಉತ್ತರ ಸಿಗಬೇಕು. ಏಳನೆಯ ವಾರ ಅಧಿಕಾರಿಯಿಂದ ಇಮೇಲ್ ಬರುತ್ತದೆ: ಇನ್ನೂ ನಾಲ್ಕು ವಾರ ಬೇಕು, ಒಪ್ಪಿಗೆ ಇದ್ದರೆ ಉತ್ತರಿಸಿ. ಒಪ್ಪದಿದ್ದರೆ ಈಗಿರುವ ರೂಪದಲ್ಲೇ ತೀರ್ಮಾನಿಸಬೇಕಾಗುತ್ತದೆ ಎಂಬ ಸಾಲೂ ಇದ್ದರೆ, ಅದರರ್ಥ ತಿರಸ್ಕಾರವೆಂದು ಯಾರಿಗಾದರೂ ಗೊತ್ತಾಗುತ್ತದೆ. ಆತ ಒಂದು ಸಾಲಿನಲ್ಲಿ ‘ಆಗಲಿ’ ಎಂದು ಬರೆದು ಕಳಿಸುತ್ತಾನೆ. ಅಲ್ಲಿಗೆ ಅವನ ಖಾತರಿ ಮುಗಿಯಿತು. ತಡಮಾಡಿದವರು ಅವರು, ಹಕ್ಕು ಬಿಟ್ಟುಕೊಟ್ಟವನು ಇವನು.

ಕೌನ್ಸಿಲಿಗೆ ಇದರಿಂದ ಎರಡು ಕಡೆ ಲಾಭ. ಕೇಂದ್ರ ಸರ್ಕಾರ ಕೌನ್ಸಿಲುಗಳ ಸಾಧನೆ ಅಳೆಯುವಾಗ ದೊಡ್ಡ ಅರ್ಜಿಗಳಲ್ಲಿ ಶೇ. 60, ಉಳಿದವುಗಳಲ್ಲಿ ಶೇ. 70 ಸಕಾಲದಲ್ಲಿ ತೀರ್ಮಾನವಾಗಿರಬೇಕು ಎನ್ನುತ್ತದೆ. ವಿಸ್ತರಿಸಿದ ದಿನಾಂಕದೊಳಗೆ ಮುಗಿದರೂ ಅದು ‘ಸಕಾಲ’ವೇ. ಹಾಗಾಗಿ ಅದೇ ಒಂದು ಸಾಲಿನ ಉತ್ತರ ಶುಲ್ಕವನ್ನೂ ಉಳಿಸುತ್ತದೆ, ಅಂಕವನ್ನೂ ತರುತ್ತದೆ. ಮನೆಮಾಲೀಕರ ಅರ್ಜಿಗಳಲ್ಲಿ ಇಂಥ ವಿಸ್ತರಣೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ಪ್ರಸ್ತಾವವನ್ನು 2024ರ ಮಾರ್ಚಿನಲ್ಲಿ ಸರ್ಕಾರವೇ ಜನರ ಮುಂದಿಟ್ಟಿತ್ತು.

ಒಪ್ಪದೆ ಗಟ್ಟಿಯಾಗಿ ನಿಂತವನ ಪಾಡೂ ಸುಖವಲ್ಲ. ಎಂಟು ವಾರ ದಾಟಿದ ಮೇಲೆ, ತೀರ್ಮಾನವೇ ಬರಲಿಲ್ಲ ಎಂದು ಆತ ಮೇಲ್ಮನವಿ ಸಲ್ಲಿಸಬಹುದು. ಆದರೆ 16 ವಾರ ತುಂಬುವ ಮೊದಲೇ ಮೇಲ್ಮನವಿಗೆ ಹೋದರೆ ಶುಲ್ಕ ವಾಪಸಿಲ್ಲ. ಬೇಗ ನ್ಯಾಯ ಬೇಕೆಂದವನು ಹಣ ಬಿಡಬೇಕು, ಹಣ ಬೇಕೆಂದವನು ಇನ್ನೂ ಎಂಟು ವಾರ ಸುಮ್ಮನೆ ಕೂರಬೇಕು. ಹದಿನೈದನೆಯ ವಾರದಲ್ಲಿ ಕೌನ್ಸಿಲ್ ತಿರಸ್ಕರಿಸಿಬಿಟ್ಟರೆ ಅದೂ ತೀರ್ಮಾನವೇ ಆದ್ದರಿಂದ ಆ ಕಾದದ್ದೂ ವ್ಯರ್ಥ.

ಇಲ್ಲಿ ವಿಮರ್ಶಕರೊಂದಿಗೆ ನನ್ನ ಜಗಳವಿದೆ. ಶುಲ್ಕ ಕಳೆದುಕೊಳ್ಳುವ ಭಯ ಅಧಿಕಾರಿಗಳನ್ನು ಚುರುಕಾಗಿಸುತ್ತದೆ ಎಂಬುದು ಒಂದು ಪಂಗಡದ ವಾದ. ಮೊದಲೇ ಬಡವಾದ ಪ್ಲಾನಿಂಗ್ ಇಲಾಖೆಗಳ ಹೊಟ್ಟೆಗೆ ಇದು ಹೊಡೆತ ಎಂಬುದು ಇನ್ನೊಂದರದು. ಎರಡನೆಯವರ ಕಾಳಜಿ ನಿಜ, ಆ ಶುಲ್ಕದಿಂದಲೇ ಸಿಬ್ಬಂದಿಯ ಸಂಬಳ ನಡೆಯಬೇಕು. ಆದರೆ ಹಣ ಕೌನ್ಸಿಲಿನ ಕೈಬಿಟ್ಟು ಹೋಗುತ್ತದೆ ಎಂದು ಇಬ್ಬರೂ ಮೊದಲೇ ನಂಬಿಕೊಂಡು ವಾದಿಸುತ್ತಾರೆ. ಒಂದು ಇಮೇಲಿನಿಂದ ತಪ್ಪಿಸಬಹುದಾದ ದಂಡ ಯಾರನ್ನೂ ಹೆದರಿಸುವುದಿಲ್ಲ, ಯಾರನ್ನೂ ಬಡವಾಗಿಸುವುದೂ ಇಲ್ಲ. ವಿನಾಯಿತಿಯನ್ನು ಓದದೆ ಶೀರ್ಷಿಕೆಯನ್ನಷ್ಟೇ ಓದಿ ಪರ-ವಿರೋಧ ಬರೆಯುವ ಈ ಅಭ್ಯಾಸ ನನಗೆ ಸಿಟ್ಟು ತರಿಸುತ್ತದೆ.

ಈ ಗದ್ದಲದಲ್ಲಿ ಯಾರೂ ಅಳದೆ ಸತ್ತದ್ದು ಇನ್ನೊಂದು ಸೌಲಭ್ಯ. ಅರ್ಜಿ ತಿರಸ್ಕೃತವಾದರೆ ಅಥವಾ ಹಿಂತೆಗೆದುಕೊಂಡರೆ, ಅದೇ ಜಾಗಕ್ಕೆ ಅದೇ ಬಗೆಯ ಪರಿಷ್ಕೃತ ಅರ್ಜಿಯನ್ನು 12 ತಿಂಗಳೊಳಗೆ ಒಮ್ಮೆ ಶುಲ್ಕವಿಲ್ಲದೆ ಹಾಕಬಹುದಿತ್ತು. ‘ಫ್ರೀ ಗೋ’ ಎಂದು ಕರೆಯುತ್ತಿದ್ದರು. ಜನರಿಗೆ ನಿಜವಾಗಿ ಒದಗುತ್ತಿದ್ದದ್ದು ಇದು: ನಕ್ಷೆ ತಿದ್ದಿಕೊಂಡು ಬರಲು ಅವಕಾಶವಿತ್ತು, ಅದಕ್ಕೆ ಅಧಿಕಾರಿಯ ಒಪ್ಪಿಗೆ ಕೇಳಬೇಕಿರಲಿಲ್ಲ. ಗಡುವನ್ನು 16 ವಾರಕ್ಕೆ ಇಳಿಸಿದ ಅದೇ 2023ರ ನಿಯಮಗಳು ಇದನ್ನು ಕಿತ್ತುಹಾಕಿದವು, ಜೊತೆಗೆ ದೊಡ್ಡ ಅರ್ಜಿಗಳ ಶುಲ್ಕವನ್ನು ಶೇ. 35, ಉಳಿದವುಗಳದ್ದನ್ನು ಶೇ. 25 ಏರಿಸಿದವು. ಒಂದು ಮನೆಯ ವಿಸ್ತರಣೆಗೆ ಆಗ 258 ಪೌಂಡ್ ಆದ ಶುಲ್ಕ 2025ರ ಏಪ್ರಿಲ್ 1ರಂದು 528 ಪೌಂಡ್ ಆಯಿತು. ಎರಡನೆಯ ಸಲವೂ ಅಷ್ಟೇ ಕಟ್ಟಬೇಕು.

ಹೋಲಿಕೆಗೆ ನಮ್ಮ ಕರ್ನಾಟಕವನ್ನೇ ನೋಡಿ: ಸರ್ಕಾರಿ ಸೇವೆ ತಡವಾದರೆ 2011ರ ಸಕಾಲ ಕಾಯ್ದೆಯ ಪರಿಹಾರ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಮೊತ್ತ ಚಿಕ್ಕದೇ. ಆದರೂ ಅದನ್ನು ತಡಮಾಡಿದ ಅಧಿಕಾರಿಯ ಸಂಬಳದಿಂದ ವಸೂಲಿ ಮಾಡಲು ಕಾಯ್ದೆ ಹೇಳುತ್ತದೆ, ಹೊಣೆ ಯಾರದೆಂದು ಅಲ್ಲಿ ಸ್ಪಷ್ಟ. ಪ್ಲಾನಿಂಗ್ ಗ್ಯಾರಂಟಿಯಲ್ಲಿ ಆ ಸ್ಪಷ್ಟತೆಯೂ ಇಲ್ಲ.

ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಒಂದು ಮಾತು. ಏಳನೆಯ ವಾರದ ಆ ಇಮೇಲಿಗೆ ಅದೇ ದಿನ ಉತ್ತರ ಬರೆಯಬೇಡಿ. ಬಾಕಿ ಇರುವುದೇನು, ತಿದ್ದುಪಡಿ ಬೇಕಿರುವುದು ನಕ್ಷೆಯ ಯಾವ ಭಾಗಕ್ಕೆ ಎಂದು ಲಿಖಿತವಾಗಿ ಕೇಳಿ. ಉತ್ತರ ಬಂದ ಮೇಲೆ ಒಪ್ಪುವುದೋ ಬಿಡುವುದೋ ನಿರ್ಧರಿಸಿ.