ದಂಡವೋ, ಬೆಲೆಯೋ? : ಸ್ನೂಕರ್ ಆಟದ ಉದ್ದೇಶಪೂರ್ವಕ ತಪ್ಪುಗಳನ್ನು ಕುರಿತು ಒಂದು ವಿಮರ್ಶೆ

ನಿಯಮ ಮುರಿದವನಿಗೆ ದಂಡ ವಿಧಿಸುವುದು ಎಲ್ಲ ಸಮಾಜಗಳ ರೂಢಿ. ಆದರೆ ದಂಡವನ್ನು ಮೊದಲೇ ಲೆಕ್ಕ ಹಾಕಿ, ಅದನ್ನು ತೆತ್ತ ಮೇಲೂ ತನಗೆ ಲಾಭವೇ ಉಳಿಯುವುದೆಂದು ಖಚಿತಪಡಿಸಿಕೊಂಡು, ಆಮೇಲೆ ನಿಯಮವನ್ನು ಮುರಿಯುವವನನ್ನು ಏನೆಂದು ಕರೆಯಬೇಕು? ಅವನು ಅಪರಾಧಿಯೇ, ಅಥವಾ ಕೇಳಿದ ಬೆಲೆ ಕೊಟ್ಟು ಸರಕು ಒಯ್ಯುವ ಗಿರಾಕಿಯೇ? ನ್ಯಾಯಾಲಯದಲ್ಲಿಯೂ ಪೇಟೆಯಲ್ಲಿಯೂ ಏಳುವ ಈ ಪ್ರಶ್ನೆ ಸ್ನೂಕರ್ ಆಟದ ಹಸಿರು ಮೇಜಿನ ಮೇಲೆ ಎದ್ದಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಏಳುವುದು ವಿರಳ. ಆದುದರಿಂದ ಆ ಆಟವನ್ನು ಎಂದೂ ನೋಡದ ವಾಚಕರೂ ಈ ವಿಚಾರಕ್ಕೆ ಹೊರಗಿನವರಲ್ಲ.

ಸ್ನೂಕರ್ ವಿದೇಶೀ ಆಟವೆಂದು ಕಂಡರೂ ಹುಟ್ಟಿದ್ದು ಭಾರತದಲ್ಲಿಯೇ. 1875ರಲ್ಲಿ ಜಬಲ್ಪುರದ ಸೈನಿಕ ಶಿಬಿರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿ ಇದನ್ನು ರೂಪಿಸಿದನೆಂದು ಪ್ರತೀತಿ. ಈತ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಅದೇ ಹೆಸರಿನವನಲ್ಲ. 1882ರಲ್ಲಿ ನಮ್ಮ ನೆರೆಯ ಉದಕಮಂಡಲದ ಕ್ಲಬ್ಬಿನಲ್ಲಿ ನಿಯಮಗಳು ಗೋಡೆಗೇರಿದವು. ನಮ್ಮ ನಾಡಿಗೂ ಈ ಆಟಕ್ಕೂ ನಂಟು ಗಟ್ಟಿಯಾದದ್ದು. ಬೆಂಗಳೂರಿನಲ್ಲಿ ಅರವಿಂದ ಸವೂರರ ಮಾರ್ಗದರ್ಶನದಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರು 2003ರಲ್ಲಿ ಚೀನದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪಟ್ಟವನ್ನು ಗೆದ್ದರು.

ಆಟದ ಹೆಸರೇ ಒಂದು ತಂತ್ರವನ್ನು ಸೂಚಿಸುತ್ತದೆ. ಎದುರಾಳಿ ಹೊಡೆಯಲೇಬೇಕಾದ ಚೆಂಡಿಗೆ ನೇರ ದಾರಿ ಇಲ್ಲದಂತೆ ಬಿಳಿಯ ಚೆಂಡನ್ನು ಮತ್ತೊಂದರ ಮರೆಯಲ್ಲಿ ನಿಲ್ಲಿಸುವುದೇ ‘ಸ್ನೂಕರ್’. ಇದು ಜಾಣ್ಮೆಯೇ ಹೊರತು ವಂಚನೆಯಲ್ಲ. ಎಲ್ಲರಿಗೂ ಕಾಣುವಂತೆ ಒಡ್ಡಿದ ಕಷ್ಟವಿದು. ಬಿಡಿಸಿಕೊಳ್ಳುವ ಅವಕಾಶವೂ ಎದುರಾಳಿಗೆ ಉಂಟು. ತೊಡಕು ಹುಟ್ಟುವುದು ಬಿಡಿಸಿಕೊಳ್ಳಬೇಕಾದವನ ಮನಸ್ಸಿನಲ್ಲಿ. ಹೊಡೆಯಬೇಕಾದ ಚೆಂಡು ತಪ್ಪಿದರೆ ಎದುರಾಳಿಗೆ ಕನಿಷ್ಠ 4, ಗರಿಷ್ಠ 7 ಅಂಕಗಳು ಸಲ್ಲುತ್ತವೆ. ಪ್ರಾಮಾಣಿಕವಾಗಿ ಯತ್ನಿಸಿದರೆ ಕೆಂಪು ಚೆಂಡುಗಳ ಗುಂಪು ಚದುರಿ ಎದುರಾಳಿಗೆ 50-60 ಅಂಕಗಳ ದಾರಿ ತೆರೆಯಬಹುದು. ಬಿಳಿಯ ಚೆಂಡನ್ನು ಮೆಲ್ಲನೆ ಉರುಳಿಸಿ, ಗುಂಪಿಗೆ ಒಂದು ಬೆರಳಿನಷ್ಟು ಈಚೆಗೆ ನಿಲ್ಲಿಸಿದರೆ ನಷ್ಟ 4 ಅಂಕಗಳು ಮಾತ್ರ. ಗಣಿತ ಬಲ್ಲವನಿಗೆ ಉತ್ತರ ಸುಲಭ. ಇಲ್ಲಿ ದಂಡವು ದಂಡವಾಗಿ ಉಳಿಯದೆ ಸುಂಕವಾಗಿ ಮಾರ್ಪಡುತ್ತದೆ.

ಈ ವ್ಯಾಪಾರವನ್ನು ತಡೆಯಲೆಂದೇ ‘ಮಿಸ್’ ಎಂಬ ನಿಯಮ ಬಂದಿತು. ಆಟಗಾರನು ತನ್ನ ಸಾಮರ್ಥ್ಯಕ್ಕೆ ತಕ್ಕಷ್ಟು ಯತ್ನಿಸಲಿಲ್ಲವೆಂದು ತೀರ್ಪುಗಾರನಿಗೆ ತೋರಿದರೆ ಅವನು ಮಿಸ್ ಎಂದು ಸಾರುತ್ತಾನೆ. ಆಗ ಅಂಕಗಳು ಸಿಗುವುದಲ್ಲದೆ, ಚೆಂಡುಗಳನ್ನು ಮೊದಲಿದ್ದ ಸ್ಥಾನದಲ್ಲಿಯೇ ಇಡಿಸಿ ತಪ್ಪಿತಸ್ಥನಿಂದ ಮತ್ತೆ ಆಡಿಸುವ ಹಕ್ಕೂ ಎದುರಾಳಿಗೆ ದೊರೆಯುತ್ತದೆ. ಚೆಂಡಿಗೆ ನೇರವಾದ ಪೂರ್ಣ ದಾರಿ ಇದ್ದೂ ಒಬ್ಬನು ಸತತವಾಗಿ ಮೂರು ಸಲ ತಪ್ಪಿದರೆ, ಎರಡನೆಯ ಸಲದ ಎಚ್ಚರಿಕೆಯ ಬಳಿಕ, ಆ ಫ್ರೇಮನ್ನೇ ಕಳೆದುಕೊಳ್ಳುತ್ತಾನೆ. ಈ ನಿಯಮದ ವಿವೇಕ ಮೆಚ್ಚತಕ್ಕದ್ದು. ತಪ್ಪಿಗೆ ಬೆಲೆ ಕಟ್ಟುವುದರ ಬದಲು ತಪ್ಪಿನಿಂದ ಬಂದ ಲಾಭವನ್ನೇ ಇದು ಮರಳಿ ಕಿತ್ತುಕೊಳ್ಳುತ್ತದೆ. ಕದ್ದವನಿಗೆ ಜುಲ್ಮಾನೆ ಹಾಕಿ ಕದ್ದ ಒಡವೆಯನ್ನು ಅವನಲ್ಲಿಯೇ ಬಿಡುವ ನ್ಯಾಯಕ್ಕಿಂತ, ಒಡವೆಯನ್ನು ಮರಳಿಸುವ ನ್ಯಾಯ ಮೇಲಾದುದು.

ಆದರೆ ಇದರ ದೋಷವನ್ನೂ ಹೇಳಬೇಕು. ಮನಸ್ಸಿನ ಒಳಗನ್ನು ಕಾಣುವ ಕಣ್ಣು ತೀರ್ಪುಗಾರನಿಗಿಲ್ಲ. ಆದಕಾರಣ ಉನ್ನತ ಮಟ್ಟದ ಪಂದ್ಯಗಳಲ್ಲಿ ಚೆಂಡು ತಪ್ಪಿದಾಗಲೆಲ್ಲ ಬಹುಮಟ್ಟಿಗೆ ಮಿಸ್ ಸಾರುವುದೇ ವಾಡಿಕೆಯಾಯಿತು. ಎರಡು ಮೂರು ಅಂಚುಗಳಿಗೆ ಬಡಿಸಿ, ಕೂದಲೆಳೆಯಷ್ಟರಲ್ಲಿ ತಪ್ಪಿದ ಸತ್ಯವಂತನೂ ಮತ್ತೆ ಮತ್ತೆ ಅದೇ ಸ್ಥಳದಿಂದ ಆಡಿ ಅಂಕ ತೆರಬೇಕಾಗುತ್ತದೆ. ಕೆಲವರ ಕಪಟಕ್ಕಾಗಿ ಎಲ್ಲರೂ ಶಂಕಿತರಾದರು. ಯಾರಿಗಾದರೂ ಗೆಲ್ಲಲು ದಂಡದ ಅಂಕಗಳೇ ಬೇಕಾದ ಘಟ್ಟದಲ್ಲಿ ಮಾತ್ರ, ತಪ್ಪು ಉದ್ದೇಶಪೂರ್ವಕವಲ್ಲವೆಂದು ಮನವರಿಕೆಯಾದರೆ ಮಿಸ್ ಸಾರುವುದಿಲ್ಲ. ಉಳಿದ ಕಡೆ ಭಾವದ ವಿಚಾರಣೆಯನ್ನು ಕೈಬಿಟ್ಟು ಫಲದ ವಿಚಾರಣೆಯಷ್ಟೇ ನಡೆಯುತ್ತದೆ. ಕಪಟಿಯು ಮಾಡುವ ದೊಡ್ಡ ಹಾನಿ ಇದೇ: ಅವನು ಎದುರಾಳಿಯ ಅಂಕಗಳನ್ನಷ್ಟೇ ಕದಿಯುವುದಿಲ್ಲ, ಪ್ರಾಮಾಣಿಕನಿಗೆ ಸಲ್ಲಬೇಕಾದ ವಿಶ್ವಾಸವನ್ನೂ ಕದಿಯುತ್ತಾನೆ.

ನಿಯಮದ ಸಂದುಗಳ ಚರಿತ್ರೆ ಹಳೆಯದು. 1907ರಲ್ಲಿ ಲಂಡನ್ನಿನಲ್ಲಿ ಟಾಮ್ ರೀಸ್ ಎಂಬ ಬಿಲಿಯರ್ಡ್ಸ್ ಆಟಗಾರ ಎರಡು ಚೆಂಡುಗಳನ್ನು ಮೂಲೆಯ ರಂಧ್ರದ ಬಾಯಲ್ಲಿ ಸಿಕ್ಕಿಸಿಟ್ಟು, ಬಿಳಿಯ ಚೆಂಡಿನಿಂದ ಅವೆರಡನ್ನೂ ಮೃದುವಾಗಿ ತಾಗಿಸುತ್ತ ವಾರಗಟ್ಟಲೆ ಆಡಿ 4,99,135 ಅಂಕ ಗಳಿಸಿದನು. ಯಾವ ನಿಯಮವನ್ನೂ ಅವನು ಮುರಿಯಲಿಲ್ಲ. ಆದರೆ ಅಲ್ಲಿ ಆಟವೇ ಉಳಿಯಲಿಲ್ಲ. ಆ ಹೊಡೆತವನ್ನು ನಿಷೇಧಿಸಬೇಕಾಯಿತು. ನಮ್ಮ ಊರುಗಳ ಕಬಡ್ಡಿಯಲ್ಲಿಯೂ ಮುನ್ನಡೆ ಪಡೆದ ತಂಡದವರು ಗೆರೆ ದಾಟಿ, ಯಾರನ್ನೂ ಮುಟ್ಟದೆ, ಹೊತ್ತು ಕಳೆದು ಮರಳುವುದನ್ನು ಕಂಡಿಲ್ಲವೇ? ಎರಡು ದಾಳಿಗಳು ಬರಿದಾದರೆ ಮೂರನೆಯದರಲ್ಲಿ ಅಂಕ ಗಳಿಸಲೇಬೇಕು, ಇಲ್ಲವೇ ಔಟಾಗಬೇಕು ಎಂಬ ನಿಯಮ ಬಂದದ್ದು ಈ ರೋಗಕ್ಕೆ ಮದ್ದಾಗಿ.

‘ನಿಯಮದಲ್ಲಿ ಅವಕಾಶವಿದ್ದರೆ ಬಳಸಿಕೊಂಡವನ ತಪ್ಪೇನು? ದೋಷ ನಿಯಮ ಮಾಡಿದವರದು’ ಎಂದು ವಾದಿಸುವವರುಂಟು. ಈ ವಾದದಲ್ಲಿ ಅರ್ಧ ಸತ್ಯವಿದೆ. ನಿಯಮ ಮಾಡುವವರು ಎಚ್ಚರದಿಂದಿರಬೇಕು. ಬಹಿರಂಗವಾದ ಜಾಣ್ಮೆಯನ್ನು ಪಾಪವೆನ್ನುವುದು ಅತಿರೇಕ. ಆದರೆ ಸ್ನೂಕರಿನಲ್ಲಿ ಯತ್ನಿಸಬೇಕೆಂಬುದೇ ನಿಯಮ. ಯತ್ನಿಸಿದಂತೆ ನಟಿಸುವುದು ನಿಯಮದ ಬಳಕೆಯಲ್ಲ, ತೀರ್ಪುಗಾರನಿಗೆ ಹೇಳಿದ ಮೂಕ ಸುಳ್ಳು. ವ್ರತವನ್ನು ಪೂರ್ತಿ ಮುರಿಯುವುದು ಅನಾಚಾರ; ಹೊರಗೆ ವ್ರತ ಉಳಿದಂತೆ ಕಂಡರೂ ಒಳಗೆ ಅದಕ್ಕೆ ಕಲೆ ತಗಲುವುದು ಅತಿಚಾರ. ಈ ಭೇದವನ್ನು ಬಲ್ಲ ವಾಚಕರಿಗೆ ಈ ಮಾತನ್ನು ವಿಸ್ತರಿಸಬೇಕಾಗಿಲ್ಲ.

ಇದೇ ಆಟದಲ್ಲಿ ಮತ್ತೊಂದು ಸಂಪ್ರದಾಯವೂ ಬೆಳೆದಿದೆ. ಬಾಗಿ ಆಡುವಾಗ ಅಂಗಿಯ ತೋಳು ಚೆಂಡೊಂದಕ್ಕೆ ತಾಗಿದರೆ, ತೀರ್ಪುಗಾರ ಕಾಣದಿದ್ದರೂ ಆಟಗಾರ ತಾನೇ ತಪ್ಪೊಪ್ಪಿ ಹಿಂದೆ ಸರಿಯುತ್ತಾನೆ. ಕ್ರಿಕೆಟ್ಟಿನಲ್ಲಿ ಇದಕ್ಕೆ ಸಮನಾದ ನಡತೆಯನ್ನು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ತೋರಿದರು. 1980ರ ಫೆಬ್ರುವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಅಂಪೈರ್ ಔಟೆಂದು ತೀರ್ಪಿತ್ತ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ನಾಯಕ ವಿಶ್ವನಾಥ್ ಮರಳಿ ಕರೆಸಿದರು. ಆಗ ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಟೇಲರ್ ಮತ್ತು ಬೋಥಮ್ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ನ್ಯಾಯಕ್ಕೆ ಯಾವಾಗಲೂ ಗೆಲುವೇ ಫಲವೆಂದು ಮಕ್ಕಳಿಗೆ ಹೇಳುವುದು ಸುಳ್ಳಾದೀತು. ಅದಕ್ಕೆ ಬೆಲೆ ತೆರಬೇಕಾಗುತ್ತದೆ; ವಿಶ್ವನಾಥ್ ತೆತ್ತರು. ದಂಡವನ್ನು ಬೆಲೆಯಾಗಿ ತೆತ್ತು ಅನ್ಯಾಯವನ್ನು ಕೊಳ್ಳುವವನಿಗೂ, ಸೋಲನ್ನು ಬೆಲೆಯಾಗಿ ತೆತ್ತು ನ್ಯಾಯವನ್ನು ಉಳಿಸುವವನಿಗೂ ಇರುವ ಅಂತರ ಇಷ್ಟೇ, ಇಷ್ಟು ದೊಡ್ಡದು.

ಕೆರೂರ, ಗುಳೇದಗುಡ್ಡ, ಇಳಕಲ್ಲಗಳ ನೇಕಾರರಿಗೆ ಇದು ದೂರದ ಮಾತಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಬಂದಿತು. ಆದರೂ ವಿದ್ಯುತ್ ಮಗ್ಗದ ಸೀರೆ ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುತ್ತಿದೆಯೆಂಬ ಅಳಲು ನಿಂತಿಲ್ಲ. ಸಿಕ್ಕಿಬಿದ್ದರೆ ಕಟ್ಟುವ ದಂಡವು ಗಳಿಕೆಗಿಂತ ಕಡಿಮೆಯಾಗಿದ್ದರೆ ಅದೂ ಖರ್ಚಿನ ಪುಸ್ತಕದ ಒಂದು ಸಾಲಾಗಿಬಿಡುತ್ತದೆ. ಮೇಜಿನ ಮೇಲೆ ಹೋಗುವುದು 4 ಅಂಕ. ಇಲ್ಲಿ ಹೋಗುವುದು ಕುಣಿಮಗ್ಗದಲ್ಲಿ ದಿನವಿಡೀ ಕುಳಿತವನ ಕೂಲಿ.

ಎಷ್ಟೇ ಬಿಗಿಯಾದ ನಿಯಮವಾದರೂ ಮನುಷ್ಯನ ಅಂತರಂಗವನ್ನು ಪೂರ್ತಿಯಾಗಿ ಕಾಯಲಾರದು. ಹೊಸ ನಿಯಮ ಒಂದು ಸಂದನ್ನು ಮುಚ್ಚುವಷ್ಟರಲ್ಲಿ ಲೆಕ್ಕಾಚಾರದ ಬುದ್ಧಿ ಇನ್ನೊಂದನ್ನು ಹುಡುಕಿರುತ್ತದೆ. ಹಾಗೆಂದು ನಿಯಮಗಳು ವ್ಯರ್ಥವಲ್ಲ. ಲಾಭವನ್ನು ಮರಳಿ ಕಿತ್ತುಕೊಳ್ಳುವ ನಿಯಮಗಳು ಬೇಕೇ ಬೇಕು. ಆದರೆ ‘ದಂಡ ಎಷ್ಟು?’ ಎಂದು ಕೇಳುವುದಕ್ಕೆ ಮೊದಲು ‘ಇದು ಸರಿಯೇ?’ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಮನೆಯಲ್ಲಿಯೂ ಅಂಗಳದಲ್ಲಿಯೂ ಬೆಳೆಸಬೇಕಾದವರು ನಾವೇ. ಆ ಪ್ರಶ್ನೆಗೆ ತೀರ್ಪುಗಾರ ಹೊರಗಿಲ್ಲ.