ಕೇಪಿನ ಕೋವಿ, ಕೋಲ್ಟನ ಬೇಲಿ

ಗುಡ್ನಾಪುರ ಅಂದರೆ ಓದಿದವರಿಗೆ ನೆನಪಾಗೋದು ಕದಂಬ ರವಿವರ್ಮನ ಶಾಸನ, ಆಮೇಲೆ ಅಲ್ಲಿನ ಕೆರೆ. ಆದರೆ ಶಿರಸಿ-ಬನವಾಸಿ ಕಡೆಯ ಹಳ್ಳಿಗಳಿಗೆ ಇನ್ನೊಂದು ಪಾಂಡಿತ್ಯವೂ ಇದೆ: ಕೇಪಿನ ಕೋವಿಯದ್ದು. ಬೆಳೆ ಕಾಯಲು ಲೈಸೆನ್ಸ್ ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ, ಆಫೀಸಿನಲ್ಲಿ ಕೂತ ನಮಗೆ ಬೇಕು. ನಳಿಗೆಯ ಬಾಯಿಂದ ಮದ್ದು, ಗುಂಡು ಹಾಕಿ ಜಡಿಯಬೇಕು. ಹಿಂದಿನ ತುದಿಗೆ ಪುಟ್ಟ ಕೇಪು ಸಿಕ್ಕಿಸಬೇಕು. ಕುದುರೆ ಬಂದು ಕೇಪಿಗೆ ಬಡಿದರೆ ಢಂ! ಇದೇ ತಂತ್ರವನ್ನು ಐದಾರು ಕೋಣೆಗಳ ತಿರುಗುವ ಉರುಳೆಗೆ ಅಳವಡಿಸಿದರೆ ಹಳೇ ಕಾಲದ ರಿವಾಲ್ವರ್.

ಕುದುರೆ ಹಿಂದಕ್ಕೆಳೆದ ಕೂಡಲೇ ಉರುಳೆ ತಾನಾಗಿ ಒಂದು ಕೋಣೆ ತಿರುಗಿ ಬಿಗಿಯಾಗಿ ನಿಲ್ಲುವ ಏರ್ಪಾಡಿಗೆ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಪೇಟೆಂಟ್ ಪಡೆದ. ಅವಧಿ ವಿಸ್ತರಣೆಯಾಗಿ ಅದು 1857ರವರೆಗೆ ನಡೆಯಿತು. ಉಳಿದವರು ಏನು ಮಾಡಬೇಕು? ಬೇಲಿ ಸುತ್ತಿ ಹೋಗಬೇಕು.

ಮ್ಯಾಸಚೂಸೆಟ್ಸ್ ಆರ್ಮ್ಸ್ ಕಂಪನಿ ವೆಸ್ಸನ್-ಲೆವಿಟ್ ಮಾದರಿಯಲ್ಲಿ ಹಲ್ಲುಚಕ್ರ ಇಟ್ಟು ಉರುಳೆ ತಿರುಗಿಸಿತು. ಕೋಲ್ಟ್ ಕೋರ್ಟಿಗೆ ಹೋದ, 1851ರಲ್ಲಿ ಗೆದ್ದ. ಆಮೇಲೆ ಅದೇ ಕಂಪನಿಯ ಪಿಸ್ತೂಲುಗಳಲ್ಲಿ ಗುಂಡಿ ಒತ್ತಿ ಉರುಳೆಯನ್ನು ಬಿಡಿಸಿಕೊಂಡು ಕೈಯಲ್ಲೇ ತಿರುಗಿಸಬೇಕಾಯಿತು! ಅಂದರೆ ಗೊತ್ತಿದ್ದ ವಿದ್ಯೆಯನ್ನು ಬೇಕೆಂದೇ ಮರೆಯೋದು. ಸ್ಪ್ರಿಂಗ್‌ಫೀಲ್ಡ್‌ನ ಜೇಮ್ಸ್ ವಾರ್ನರ್ ಎರಡು ಟ್ರಿಗರ್ ಇಟ್ಟ. ಮುಂದಿನದು ಉರುಳೆ ತಿರುಗಿಸಲು, ಹಿಂದಿನದು ಹಾರಿಸಲು. ವಕೀಲರ ಕಣ್ಣಲ್ಲಿ ಚೆಂದ. ಎದುರಿಗೆ ಹಂದಿ ನಿಂತಾಗ ಬೆರಳಿಗೆ ಯಾವುದು ಯಾವುದಕ್ಕೆ ಅಂತ ನೆನಪಿರಬೇಕಲ್ಲ ಮಾರಾಯ್ರೆ.

ಇಂಥವನ್ನು ಸಂಗ್ರಾಹಕರು 'ಜಾಣತನದ ಶಿಖರ' ಅಂತ ಹೊಗಳೋದು ನನಗೆ ಒಪ್ಪಿಗೆಯಿಲ್ಲ. ಇವು ಅಪರೂಪವಾಗಿದ್ದು ಹೆಚ್ಚು ಜನ ಕೊಳ್ಳಲಿಲ್ಲ ಅನ್ನೋ ಕಾರಣಕ್ಕೂ ಹೌದು. ಒಳ್ಳೆಯ ವಸ್ತುವನ್ನು ಬಳಸುವವನ ಕೈ ನೋಡಿ ಮಾಡ್ತಾರೆ, ಇವನ್ನು ಪೇಟೆಂಟಿನ ವಾಕ್ಯ ನೋಡಿ ಮಾಡಿದ್ದಾರೆ. ಕಮ್ಮಾರಿಕೆ ಮಾತ್ರ ಅದ್ಭುತ. ಸಂಕಟ ಇರೋದೂ ಅಲ್ಲೇ: ಅಷ್ಟು ಒಳ್ಳೆಯ ಕೈಗಳು ವರ್ಷಗಟ್ಟಲೆ ಕೆಟ್ಟ ಉತ್ತರ ಹುಡುಕಿದವು. ಕೋಡ್ ಬರೆಯುವ ಗೆಳೆಯರಿಗೆ ಈ ಸುಸ್ತು ಗೊತ್ತಿರುತ್ತದೆ.

ಕೋಲ್ಟನ ಪರವಾಗಿಯೂ ಒಂದು ಮಾತಿದೆ. ಪ್ಯಾಟರ್ಸನ್‌ನಲ್ಲಿದ್ದ ಅವನ ಮೊದಲ ಕಂಪನಿ 1842ರಲ್ಲಿ ಮುಳುಗಿತ್ತು, ಪೇಟೆಂಟಿನ ಮೊದಲ ವರ್ಷಗಳಲ್ಲಿ ಅವನಿಗೆ ದಕ್ಕಿದ್ದು ಕಡಿಮೆ. ಆದರೆ ರೋಲಿನ್ ವೈಟ್ ಕಥೆಗೆ ಏನನ್ನೋದು? ಉರುಳೆಗೆ ಆರಪಾರ ತೂತು ಕೊರೆಯುವುದಕ್ಕೆ 1855ರಲ್ಲಿ ಪೇಟೆಂಟ್ ಪಡೆದ. ಸ್ಮಿತ್ ಆ್ಯಂಡ್ ವೆಸ್ಸನ್ ಪಿಸ್ತೂಲಿಗೆ 25 ಸೆಂಟ್ ಕೊಟ್ಟು ಅದನ್ನು ಹಿಡಿದುಕೊಂಡಿತು, ಕೋರ್ಟಿನ ಖರ್ಚು ಮಾತ್ರ ವೈಟ್‌ನ ತಲೆಗೆ. ಹಿಂದಿನಿಂದ ತೋಟೆ ತುಂಬುವ ದಾರಿ ಉಳಿದವರಿಗೆ 1869ರವರೆಗೆ ಬಂದ್. ಹಾಗಾಗಿ ಅಂತರ್ಯುದ್ಧದಲ್ಲಿ ಸಾವಿರಾರು ಸೈನಿಕರು ಕೇಪಿನ ರಿವಾಲ್ವರನ್ನೇ ಹಿಡಿದು ಹೋದರು. ವಿಸ್ತರಣೆಯ ಮಸೂದೆಯನ್ನು ಅಧ್ಯಕ್ಷ ಗ್ರಾಂಟ್ 1870ರಲ್ಲಿ ತಿರಸ್ಕರಿಸಿದ.

ನಮ್ಮಲ್ಲಿ ಕಂಪನಿ ಸರ್ಕಾರ ಮೊದಲ ಪೇಟೆಂಟ್ ಕಾಯ್ದೆ ತಂದಿದ್ದು 1856ರಲ್ಲಿ. ಮೊದಲ ಅರ್ಜಿ ಬಂದಿದ್ದು ಕಲ್ಕತ್ತದಿಂದ, ಪಂಖಾ ಎಳೆಯುವ ಯಂತ್ರಕ್ಕೆ! ಮರುವರ್ಷವೇ ನಿಶ್ಶಸ್ತ್ರೀಕರಣದ ಕಾಯ್ದೆ. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸಲಿಲ್ಲ. ದಂಡು ಬಂದು ಊರಿಗೆ ಬೆಂಕಿ ಇಟ್ಟಿತು.