ಕಿಟಕಿಗೆ ಅಡ್ಡಬಂದ ಊರು

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಮಿಲ್ಟನ್ ಅಬ್ಬಾಸ್ ಹಳ್ಳಿಯ ಚಿತ್ರ ನೋಡಿದವರು ಅದು ತಾನಾಗಿ ಬೆಳೆದ ಊರೆಂದೇ ಭಾವಿಸುತ್ತಾರೆ. ಇಳಿಜಾರಿನ ಒಂದೇ ಬೀದಿ, ಇಕ್ಕೆಲಗಳಲ್ಲಿ ಬಿಳಿ ಗೋಡೆಯ ಹುಲ್ಲುಮಾಡಿನ ಮನೆಗಳು, ಬೆನ್ನಿಗೆ ಮರ ತುಂಬಿದ ಗುಡ್ಡ. ಆದರೆ ಒಂದು ಮನೆಯಂತೆಯೇ ಇನ್ನೊಂದು. ಹಳ್ಳಿಗಳು ಇಷ್ಟು ಅಳತೆ ಹಿಡಿದು ಬೆಳೆಯುವುದಿಲ್ಲ. ಇದನ್ನು ಒಬ್ಬ ಯಜಮಾನ ಹೇಳಿ ಮಾಡಿಸಿದ ಕೃತಿಯೆಂದೇ ನೋಡಬೇಕು.

ಆ ಯಜಮಾನ ಜೋಸೆಫ್ ಡೇಮರ್. 1752ರಲ್ಲಿ ಇಲ್ಲಿನ ಹಳೆಯ ಮಠದ ಆಸ್ತಿಯನ್ನು ಕೊಂಡ. ಮಠದ ಭವ್ಯ ಚರ್ಚಿನ ಮಗ್ಗುಲಲ್ಲೇ ಸಂತೆ, ಶಾಲೆ, ಹೆಂಡದಂಗಡಿ ಎಲ್ಲ ಇದ್ದ ಪೇಟೆಯಿತ್ತು; ನೂರಕ್ಕೂ ಮಿಕ್ಕಿ ಮನೆಗಳಿದ್ದವು. ಡೇಮರನ ಬಂಗಲೆಯ ಕಿಟಕಿಗೆ ಅದು ಅಡ್ಡವಾಯಿತು. ಗುತ್ತಿಗೆ ಮುಗಿದಂತೆಲ್ಲ ಒಂದೊಂದೇ ಮನೆ ಕೆಡವಿಸಿದ. ಜಾಗ ಬಿಡದ ವಕೀಲ ಹ್ಯಾರಿಸನ್‌ನನ್ನು ಎಬ್ಬಿಸಲು ಕೊಳದ ತೂಬು ತೆಗೆಸಿ ನೀರು ನುಗ್ಗಿಸಿದನೆಂದು ಊರವರು ಇಂದಿಗೂ ಹೇಳುತ್ತಾರೆ. ವಕೀಲ ದಾವೆ ಹೂಡಿ ಗೆದ್ದನಂತೆ, ಭೇಷ್! ಶಾಲೆಯೂ 1785ರಲ್ಲಿ ಬ್ಲ್ಯಾಂಡ್‌ಫರ್ಡ್‌ಗೆ ಎತ್ತಂಗಡಿಯಾಯಿತು. ಪೇಟೆಯಿದ್ದಲ್ಲಿ ಈಗ ಹುಲ್ಲುಹಾಸು, ಕೆರೆ.

ಬದಲಿ ಊರನ್ನು ರೂಪಿಸುವಲ್ಲಿ ಉದ್ಯಾನಶಿಲ್ಪಿ ಕೇಪಬಿಲಿಟಿ ಬ್ರೌನ್‌ನ ಕೈಯಿತ್ತು. ಬೀದಿಯ ಮಟ್ಟಿಗೆ ಆತ ನಿಜಕ್ಕೂ ಗೆದ್ದಿದ್ದಾನೆ. ಕಣಿವೆಯ ಬಾಗಿಗೆ ಬೀದಿಯೂ ಬಾಗುವುದರಿಂದ ಊರು ಒಂದೇ ನೋಟಕ್ಕೆ ಮುಗಿಯುವುದಿಲ್ಲ. ಮನೆಮನೆಯ ನಡುವೆ ತೆರಪು ಬಿಟ್ಟು, ಅಲ್ಲಿ ಚೆಸ್ಟ್‌ನಟ್ ಮರ ನೆಡಿಸಿದ್ದರು. ಏಕರೂಪ ಬೇಸರ ತರಿಸದಿರಲು ಈ ತೆರಪೇ ಕಾರಣ.

ಮನೆಯೊಳಗೆ ಕಾಲಿಟ್ಟರೆ ಮೆಚ್ಚುಗೆ ಇಳಿಯುತ್ತದೆ. ಹೊರಗಿನಿಂದ ಒಂದೇ ಮನೆ, ಒಂದೇ ಬಾಗಿಲು. ಒಳಗೆ ಎರಡು ಸಂಸಾರ. ಎರಡು ಬಾಗಿಲಿಟ್ಟಿದ್ದರೆ ಮುಖದ ಸಮತೂಕ ಕೆಡುತ್ತಿತ್ತೇನೋ. ಮುಂದೆ ಮಕ್ಕಳುಮರಿ ಹೆಚ್ಚಿ ಈ ಮನೆಗಳು ಕಿಕ್ಕಿರಿದವು. ಸಾರೋಟಿನಲ್ಲಿ ಹಾದುಹೋಗುವವನ ಕಣ್ಣಿಗೆ ಸಿಕ್ಕಷ್ಟು ಗಮನ ಒಲೆಯ ಮುಂದೆ ಕೂತವಳ ಬೆನ್ನಿಗೆ ಸಿಗಲಿಲ್ಲ. ಹುಲ್ಲು ಕಲಸಿದ ಮಣ್ಣಿನ ಗೋಡೆ ಮಾತ್ರ ಆ ಸೀಮೆಯ ಜನರದೇ ಜಾಣ್ಮೆ. ಅದರ ಹೊಗಳಿಕೆ ಶಿಲ್ಪಿಗೆ ಸಲ್ಲಬೇಕಿಲ್ಲ.

ಈ ಬೀದಿಯಲ್ಲಿ ನನಗೆ ಹಿಡಿಸುವುದು ನಿರಾಶ್ರಿತರ ದತ್ತಿಮನೆ. 1674ರಲ್ಲಿ ಹಳೆಯ ಪೇಟೆಯಲ್ಲಿ ಕಟ್ಟಿದ್ದನ್ನು ಕಳಚಿ 1779ರಲ್ಲಿ ಇಲ್ಲಿ ಮತ್ತೆ ನಿಲ್ಲಿಸಿದರು. ಅಳಿದ ಪೇಟೆಯ ಗುರುತಾಗಿ ಬೀದಿಯಲ್ಲಿ ಎದ್ದು ಕಾಣುವುದು ಅದೇ. ಅಚ್ಚುಕಟ್ಟಾದ ಸಾಲಿನಲ್ಲಿ ಅದು ಸ್ವಲ್ಪ ಬೇರೆಯಾಗಿಯೇ ಇದೆ, ಹಾಗಿರುವುದೇ ಸರಿ.

ಎರಡು ವರ್ಷಕ್ಕೊಮ್ಮೆ ಇಲ್ಲಿ ಬೀದಿ ಜಾತ್ರೆ ನಡೆಯುತ್ತದೆ. ಊರವರು ಹದಿನೆಂಟನೆಯ ಶತಮಾನದ ಉಡುಪು ತೊಟ್ಟು ಓಡಾಡುತ್ತಾರೆ. ಸಂಭ್ರಮಕ್ಕೆ ನನ್ನ ತಕರಾರಿಲ್ಲ. ಆದರೆ ವೇಷ ತೊಡುವುದಾದರೆ ಗಂಟುಮೂಟೆ ಹೊತ್ತು ಹಳೆಯ ಪೇಟೆಯಿಂದ ಗುಡ್ಡದ ಮರೆಗೆ ಬಂದವರ ವೇಷಕ್ಕೂ ಅಲ್ಲಿ ಜಾಗವಿರಬೇಕು.